ಗ್ರೂಪಿನಲ್ಲಿ ಅಸೈನ್‌ಮೆಂಟ್ ಉತ್ತರ ಹಾಕುವವರನ್ನು ಏನು ಮಾಡೋಣ?

ಸಾಗರದ ಹುಡುಗ: ಎನ್‌ಪಿಟೆಲ್ (ಐಐಟಿಯವರ ಆನ್‌ಲೈನ್ ಪಾಠ) ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸಿಗೆಂದು ನಾಲ್ಕೈದು ಕಾಲೇಜಿನವರು ಸೇರಿ ಟೆಲಿಗ್ರಾಂ ಗ್ರೂಪ್ ಮಾಡಿಕೊಂಡಿದ್ದೇವೆ. ಎರಡು ವಾರ ಜೋರು ಚರ್ಚೆ. ಮೂರನೇ ವಾರ ಯಾರೋ ಎಲ್ಲ ಉತ್ತರ ಹಾಕಿದರು, ಅವತ್ತಿಂದ ಗ್ರೂಪು ಸತ್ತಂತಿದೆ. ಕೊನೇ ದಿನದ ರಾತ್ರಿ ಮಾತ್ರ 'ಆನ್ಸರ್ ಪ್ಲೀಸ್' ಅಂತ ಮೆಸೇಜು. ಹಾಕುವವರನ್ನು ತೆಗೆದುಬಿಡಲಾ?

ಕ್ಯಾಂಟೀನ್ ಕಾಫಿ: ಯಾಕೆ ಸುಮ್ನೆ ತಲೆಬಿಸಿ? ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಕಾಪಿ ಹೊಡೆದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಇಂಟರ್ನಲ್ಸು, ಲ್ಯಾಬು ಒಟ್ಟಿಗೆ ಬಂದ ವಾರ ನಾವಾದರೂ ಏನು ಮಾಡಬೇಕು?

ಲಕ್ಷ್ಮಿ: ಅವರು ಸಿಕ್ಕಿಬೀಳಲಿ ಬಿಡಿ, ನಷ್ಟ ಆಗೋದು ಉಳಿದವರಿಗೆ. ಹೋದ ವರ್ಷ ನಮ್ಮ ಗ್ರೂಪಲ್ಲಿ ಒಬ್ಬ ತಪ್ಪು ಉತ್ತರ ಹಾಕಿದ್ದ. ಫಂಕ್ಷನ್‌ಗೆ ಖಾಲಿ ಲಿಸ್ಟನ್ನು ಡಿಫಾಲ್ಟ್ ಆಗಿ (ಕರೆಯುವಾಗ ಏನೂ ಕೊಡದಿದ್ದರೆ ಅದೇ ಬಳಸಲಿ ಅಂತ) ಕೊಟ್ಟರೆ ಪ್ರತಿ ಸಲ ಹೊಸ ಲಿಸ್ಟ್ ಬರುತ್ತದೆ ಅಂತ. ಇನ್ನೊಬ್ಬಳು ಓಡಿಸಿ ನೋಡಿದಳು, ಎರಡನೇ ಸಲ ಕರೆದಾಗ ಹಳೇದೂ ಕೂತಿತ್ತು! ಆಮೇಲೆ ಒಬ್ಬ ಲಿಸ್ಟಿನ ಐಡಿ, ಅಂದರೆ ಅದರ ಗುರುತಿನ ಸಂಖ್ಯೆ, ಪ್ರಿಂಟ್ ಮಾಡಿದ, ಎರಡು ಸಲವೂ ಒಂದೇ. ಫಂಕ್ಷನ್ ಬರೆದಾಗಲೇ ಒಂದು ಸಲ ಲಿಸ್ಟ್ ಹುಟ್ಟುತ್ತದೆ, ಮತ್ತೆ ಹುಟ್ಟುವುದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಮೊದಲೇ ಸರಿ ಉತ್ತರ 'ಬಿ' ಅಂತ ಯಾರಾದರೂ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?

ಮೂಲೆ ಬೆಂಚು: ನಾನು ಗ್ರೂಪಲ್ಲಿ ಒಂದು ಸಾಲೂ ಬರೆಯುವವನಲ್ಲ, ಆದರೆ ಎಲ್ಲ ಓದುತ್ತೇನೆ. ನನ್ನಂಥವರೇ ಜಾಸ್ತಿ. 2012ರಲ್ಲಿ ಅಮೆರಿಕದ ಎಂಐಟಿ ಸರ್ಕ್ಯೂಟ್ಸ್ ಕೋರ್ಸನ್ನು ಆನ್‌ಲೈನಿಗೆ ತಂದಾಗ ಒಂದೂವರೆ ಲಕ್ಷ ಜನ ಹೆಸರು ಬರೆಸಿದ್ದರು, ಪಾಸಾದವರು 7 ಸಾವಿರ ಚಿಲ್ಲರೆ. ಅಲ್ಲಿನ ಚರ್ಚಾ ವಿಭಾಗದ ಚಟುವಟಿಕೆಯ ಲೆಕ್ಕ ತೆಗೆದರೆ ಶೇ 90ಕ್ಕಿಂತ ಹೆಚ್ಚು ಬರೀ ಬೇರೆಯವರದನ್ನು ಓದಿದ್ದೇ. ಹಾಗಾಗಿ ಮಾತಾಡದವರನ್ನು ಹೊರಗೆ ಹಾಕಬೇಡಿ ಮಾರಾಯ್ರೇ.

ಲಕ್ಷ್ಮಿ: ಯಾರು ಹಾಕ್ತಾರೆ? ಆದರೆ ನೀವು ಓದೋಕೆ ಅಲ್ಲಿ ಜಗಳ ಇರಬೇಕಲ್ಲ! ಎ, ಸಿ, ಬಿ ಅಂತ ಇದ್ದರೆ ಏನು ಓದ್ತೀರಿ?

ಸಾಗರದ ಹುಡುಗ: ಹಾಗಾದರೆ ಯಾರನ್ನೂ ತೆಗೆಯಲ್ಲ. ಡೆಡ್‌ಲೈನ್ ಮುಗಿಯುವವರೆಗೆ ಉತ್ತರ ಕಂಡರೆ ಡಿಲೀಟ್, 'ಯಾಕೆ ಹೀಗೆ' ಅಂತ ಕೇಳಿದರೆ ಪಿನ್.

ಕ್ಯಾಂಟೀನ್ ಕಾಫಿ: ಆಯ್ತಪ್ಪಾ. ಲಕ್ಷ್ಮಿ, ಒಂದು ಡೌಟು. ಖಾಲಿ ಲಿಸ್ಟಿನ ಬದಲು None (ಪೈಥಾನಿನಲ್ಲಿ 'ಏನೂ ಇಲ್ಲ' ಅಂತ) ಕೊಟ್ಟು ಒಳಗಡೆ ಲಿಸ್ಟ್ ಮಾಡಿಕೊಂಡರೆ ಸರಿಹೋಗುತ್ತದಲ್ಲ, ಅದು ಯಾಕೆ?