ಕ್ಯಾಲಿಫೋರ್ನಿಯಾ ತೋಟದಲ್ಲಿ ಬಿಸಿಲಿಗೆ ಬಿದ್ರೆ ಪರಿಹಾರ ಸಿಗುತ್ತಾ?

ಪ್ರಶ್ನೆ: ಫ್ರೆಸ್ನೊ ಹತ್ರ ದ್ರಾಕ್ಷಿ ಕೊಯ್ಯೋಕೆ ಹೋಗೋ ನಮ್ಮ ಪಕ್ಕದ ಮನೆಯವ್ರು ಬಿಸಿಲಿಗೆ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದಾರೆ, ಮೈ ಕೆಂಡದ ಹಾಗೆ ಸುಡ್ತಿತ್ತು, ಮಾತೆಲ್ಲ ತೊದಲ್ತಿತ್ತು. ಅಮೆರಿಕದಲ್ಲಿ ಇರೋಕೆ ಪೇಪರ್ಸ್ ಇಲ್ಲ ಅಂತ ಪರಿಹಾರಕ್ಕೆ ಕ್ಲೇಮ್ ಹಾಕೋಕೇ ಭಯ ಪಡ್ತಿದಾರೆ. ಏನ್ಮಾಡೋದು?

ಉತ್ತರ 1: ಭಯ ಬೇಡ ಅಂತ ಹೇಳಿ ಅಕ್ಕ. ಪೇಪರ್ಸ್ ಇಲ್ದಿದ್ರೂ ಅಲ್ಲಿ ವರ್ಕರ್ಸ್ ಕಾಂಪ್ (ಕೆಲಸದಿಂದ ಆದ ಗಾಯ, ಕಾಯಿಲೆಗೆ ಸಿಗೋ ಪರಿಹಾರ) ಅನ್ವಯಿಸುತ್ತೆ. 30 ದಿನದೊಳಗೆ ಮಾಲೀಕರಿಗೆ ಬರೆದು ತಿಳಿಸ್ಬೇಕು, ಕ್ಲೇಮ್ ಹಾಕೋ ಡಿಡಬ್ಲ್ಯೂಸಿ-1 ಫಾರಂನ ಒಂದು ವರ್ಕಿಂಗ್ ಡೇ ಒಳಗೆ ಅವ್ರು ಕೊಡ್ಲೇಬೇಕು. ಅದನ್ನ ತುಂಬಿ ಕೊಟ್ರೆ ತೀರ್ಮಾನ ಆಗೋವರೆಗೂ 10,000 ಡಾಲರ್ ತನಕ ಚಿಕಿತ್ಸೆ ಖರ್ಚು ಸಿಗುತ್ತೆ.

ಉತ್ತರ 2: ಕಷ್ಟ ಇರೋದು ಕೆಲಸದಿಂದಲೇ ಆಯ್ತು ಅಂತ ತೋರಿಸೋದ್ರಲ್ಲಿ. ಮಾಲೀಕ ಹೀಟ್ ರೂಲ್ಸ್ (ಬಿಸಿಲಲ್ಲಿ ಕೆಲಸ ಮಾಡೋರನ್ನ ಕಾಪಾಡೋ ನಿಯಮಗಳು) ಮುರಿದಿದ್ರೆ ಕೆಲಸದಿಂದಲೇ ಬಂದ ಕಾಯಿಲೆ ಅಂತ ಪರಿಗಣಿಸೋ ಬಿಲ್ಲನ್ನ 2024ರಲ್ಲಿ ಗವರ್ನರ್ ನ್ಯೂಸಮ್ ವೀಟೋ ಮಾಡ್ಬಿಟ್ರು, ನಂಗಂತೂ ತುಂಬಾ ಬೇಜಾರಾಯ್ತು. ಆ ರೂಲ್ಸ್ ಪ್ರಕಾರ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ನೆರಳು ಕೊಡ್ಲೇಬೇಕು. ಅವತ್ತು ನೆರಳು, ನೀರು ಇತ್ತಾ ಅಂತ ಜೊತೆ ಕೆಲಸದವ್ರಿಂದ ಈಗ್ಲೇ ಬರೆಸಿಟ್ಕೊಳ್ಳಿ.