ಬೇಕಂತಲೇ ಚಂದ್ರನ ಮೇಲೆ ಬೀಳಿಸಿದ್ದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ನಾವು ಕೆಲವರು ಆಗಾಗ ಕಡಲತೀರದಲ್ಲಿ ಟೆಲಿಸ್ಕೋಪ್ ಇಟ್ಟು ಆಕಾಶ ನೋಡುತ್ತೇವೆ. ಬಂದವರಿಗೂ ತೋರಿಸುತ್ತೇವೆ. ಈಗ ಶಾಲೆಗಳಿಗಾಗಿ ಒಂದು ಗೋಡೆಪಟ ಮಾಡುತ್ತಿದ್ದೇವೆ. ಚಂದ್ರನ ಮೇಲೆ ನೌಕೆಗಳನ್ನು ಬೇಕಂತಲೇ ಬೀಳಿಸಿದ ಪ್ರಯೋಗಗಳು, ಅದನ್ನು ಇಲ್ಲಿಂದಲೇ ನೋಡಬೇಕೆಂದು ಹವ್ಯಾಸಿಗಳು ಕಾದು ಕೂತದ್ದು, ಇದು ವಿಷಯ. ಚಿತ್ರ, ದಿನಾಂಕ ಎಲ್ಲ ತಯಾರಿದೆ. ಕ್ರಿಯಾಪದ ಮಾತ್ರ ಸಿಗುತ್ತಿಲ್ಲ.

ಸುದ್ದಿಯಲ್ಲಿ ಓದಿ ಓದಿ ನಮಗೆ ರೂಢಿಯಾದ ಮಾತು ‘ಪತನ’. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಚಂದ್ರನ ಮೇಲೆ ಮೆಲ್ಲಗೆ ಇಳಿಯಬೇಕಿತ್ತು, ಇಳಿಯಲಿಲ್ಲ, ಜೋರಾಗಿ ಹೋಗಿ ಬಿತ್ತು. ಅದಕ್ಕೆ ಪತನ ಅನ್ನಿ, ತಕರಾರಿಲ್ಲ. ಆದರೆ 2008ರ ನವೆಂಬರ್ 14ರದ್ದು ಬೇರೆ. ಚಂದ್ರಯಾನ-1ರಿಂದ ಸುಮಾರು 35 ಕಿಲೋ ತೂಕದ ಒಂದು ಪೆಟ್ಟಿಗೆಯನ್ನು ಬಿಟ್ಟರು, ಅದರ ಬದಿಯಲ್ಲಿ ನಮ್ಮ ಧ್ವಜ ಇತ್ತು. ಸುಮಾರು 25 ನಿಮಿಷ ಕೆಳಗಿಳಿಯುತ್ತಾ ಚಿತ್ರ ಕಳಿಸಿತು. ರಾತ್ರಿ 8:31ಕ್ಕೆ ದಕ್ಷಿಣ ಧ್ರುವದ ಹತ್ತಿರ ನೆಲಕ್ಕೆ ಬಡಿಯಿತು. ಅಂದುಕೊಂಡ ಹಾಗೇ ಆಯ್ತು. ಎರಡಕ್ಕೂ ‘ಪತನ’ ಅಂತ ಬರೆದ ಕರಡನ್ನು ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಓದಲು ಕೊಟ್ಟೆವು. ‘ಅಯ್ಯೋ, ಇದೂ ಹಾಳಾಗೋಯ್ತಾ?’ ಅಂತ ಕೇಳಿದಳು. ಅಲ್ಲಿಗೆ ಆ ಪದ ಹೊರಗೆ.

‘ಅಪಘಾತ’ ಹೇಗೂ ಬೇಡ. ‘ಡಿಕ್ಕಿ’ ಅಂದರೆ ಹೆದ್ದಾರಿಯಲ್ಲಿ ಲಾರಿಗೆ ಬಸ್ಸು ತಾಗಿದ್ದೇ ಕಣ್ಣಿಗೆ ಬರುತ್ತದೆ. ‘ಸಂಘಟ್ಟನೆ’ ಎಂಬುದನ್ನು ನಮ್ಮ ಬಳಗದ ಒಬ್ಬ ನಿವೃತ್ತ ಮೇಷ್ಟ್ರು ಎತ್ತಿಹಿಡಿದರು. ಮಕ್ಕಳು ಅದನ್ನು ‘ಸಂಘಟನೆ’ ಅಂತಲೇ ಓದುತ್ತಾರೆ, ಅಲ್ವಾ? ಚಂದ್ರನ ಮೇಲೆ ಯೂನಿಯನ್ ಕಟ್ಟಿದಂತಾಗುತ್ತದೆ.

ಮುಂದೆ ಬಂದದ್ದು ‘ಎರಗು’. ನನಗೆ ತುಂಬಾ ಇಷ್ಟವಾದ ಪದ. ಹದ್ದು ಕೋಳಿಮರಿಯ ಮೇಲೆ ಎರಗುತ್ತದೆ. ಯಕ್ಷಗಾನದಲ್ಲಿ ವೈರಿಯ ಮೇಲೆ ಎರಗುತ್ತಾರೆ. ಗುರಿ ಇದೆ, ರಭಸ ಇದೆ, ಬೇಕಂತ ಮಾಡಿದ್ದು ಅನ್ನುವುದೂ ಇದೆ. ತೊಡಕು ಒಂದೇ. ಪಾದಕ್ಕೆ ಎರಗುವುದೂ ಇದೇ ಎರಗು. ‘ಪೆಟ್ಟಿಗೆ ಚಂದ್ರನಿಗೆ ಎರಗಿತು’ ಅಂದರೆ ನಮಸ್ಕಾರ ಮಾಡಿತು ಅಂತಲೂ ಆಗುತ್ತದೆ. ‘ಚಂದ್ರನ ಮೇಲೆರಗಿತು’ ಅಂದರೆ ಸರಿಹೋಗುತ್ತದೆ, ನಿಜ. ಆದರೆ ಬಿಟ್ಟವರು ಯಾರು ಅನ್ನುವುದು ಅದರಲ್ಲಿ ಬರುವುದಿಲ್ಲ. ‘ಇಸ್ರೋ ಎರಗಿಸಿತು’ ಅಂತ ಬರೆದರೆ ಕಿವಿಗೆ ಒಗ್ಗುವುದಿಲ್ಲ.

ಸಿರಸಿಯ ಗೆಳೆಯರೊಬ್ಬರು ‘ಕೆಡಗು’ ಅಂದರು. ಮರ ಬಿತ್ತು ಅಂದರೆ ಗಾಳಿಮಳೆಯ ಕೆಲಸ. ಮರ ಕೆಡಗಿದರು ಅಂದರೆ ಯಾರೋ ಕೊಡಲಿ ಹಿಡಿದಿದ್ದಾರೆ. ವ್ಯತ್ಯಾಸ ಚೆನ್ನಾಗಿ ಬಂತು. ಆದರೆ ಕೆಡಗಿದ್ದು ಎಲ್ಲಿಗೆ ತಾಗಿತು, ಎಷ್ಟು ಜೋರಾಗಿ ತಾಗಿತು ಅನ್ನುವುದಕ್ಕೆ ಈ ಪದದಲ್ಲಿ ಜಾಗವಿಲ್ಲ. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಹೋದದ್ದನ್ನು ಬರೀ ಕೆಡಗಿದರು ಅಂದರೆ ಸಾಲದು.

‘ಅಪ್ಪಳಿಸು’ ಎಲ್ಲರೂ ಒಪ್ಪುವ ಪದ. ಇದರ ಗಮ್ಮತ್ತು ನೋಡಿ. ತೆರೆ ಬಂಡೆಗೆ ಅಪ್ಪಳಿಸುತ್ತದೆ, ಅಲ್ಲಿ ಅದೇ ಹೋಗಿ ಬಡಿಯುವುದು. ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸುತ್ತಾರೆ, ಅಲ್ಲಿ ಬಡಿಯುವವರು ಬೇರೆ. ಎರಡಕ್ಕೂ ರೂಪ ಒಂದೇ. ಹಾಗಾಗಿ ವಿಕ್ರಂ ಕೂಡ ಅಪ್ಪಳಿಸಿತು, 2008ರ ಪೆಟ್ಟಿಗೆಯೂ ಅಪ್ಪಳಿಸಿತು. ನಮಗೆ ಬೇಕಾದ ಗೆರೆ ಅಲ್ಲೇ ಅಳಿಸಿಹೋಗುತ್ತದೆ.

ಸದ್ಯ ನಾನು ನಿಂತಿರುವುದು ‘ಗುದ್ದು’ ಮೇಲೆ. ಗುದ್ದಿತು, ಗುದ್ದಿಸಿದರು. ತಾನಾಗಿ ಹೋಗಿದ್ದು ಒಂದು, ಮಾಡಿಸಿದ್ದು ಇನ್ನೊಂದು. ನಾಮಪದವೂ ರೆಡಿ, ‘ಚಂದ್ರನಿಗೆ ಗುದ್ದು’ ಅಂತ ದೊಡ್ಡ ಅಕ್ಷರದಲ್ಲಿ ಬರೆದರೆ ಮಕ್ಕಳು ನಿಂತು ಓದುತ್ತಾರೆ. ಮೇಷ್ಟ್ರಿಗೆ ಇದು ಬೀದಿಜಗಳದ ಮಾತು ಅನ್ನಿಸುತ್ತದೆ. ಇರಲಿ ಬಿಡಿ, ಅಲ್ಲಿ ನಡೆದದ್ದೂ ಅಂಥದ್ದೇ.

ಇನ್ನು ಗುದ್ದಿದ ಮೇಲೆ ಏಳುವುದಕ್ಕೆ ಏನನ್ನೋಣ? 2009ರ ಅಕ್ಟೋಬರ್ 9ರ ಕಥೆ ನಿಮಗೆ ನೆನಪಿರಬಹುದು. ನಾಸಾದ ಎಲ್‌ಕ್ರಾಸ್ ನೌಕೆ ಎರಡು ಟನ್‌ಗೂ ಜಾಸ್ತಿ ತೂಕದ ಖಾಲಿ ರಾಕೆಟ್ ಹಂತವೊಂದನ್ನು ಕೇಬಿಯಸ್ ಎಂಬ ಕುಳಿಗೆ ಗುದ್ದಿಸಿತು. ಸುಮಾರು ನಾಲ್ಕು ನಿಮಿಷ ಬಿಟ್ಟು ತಾನೂ ಹಿಂದೆಯೇ ಹೋಗಿ ಗುದ್ದಿತು. ಹತ್ತು ಹನ್ನೆರಡು ಇಂಚಿನ ಟೆಲಿಸ್ಕೋಪ್ ಇದ್ದವರಿಗೆ ಮೇಲೆದ್ದ ಮಣ್ಣು ಕಾಣಬಹುದು ಅಂತ ಮೊದಲೇ ಹೇಳಿದ್ದರು. ಅಮೆರಿಕದಲ್ಲಿ ಹವ್ಯಾಸಿಗಳು ನಸುಕಿನಲ್ಲೇ ಎದ್ದು ಕಾದರು. ಏನೂ ಕಾಣಲಿಲ್ಲ. ನಮಗೆ ಆಸೆಯೂ ಇರಲಿಲ್ಲ, ಇಲ್ಲಿ ಆಗ ಸಂಜೆ 5 ಗಂಟೆ, ಚಂದ್ರ ಮುಳುಗಿ ಎಷ್ಟೋ ಹೊತ್ತಾಗಿತ್ತು. ನೌಕೆ ಕಳಿಸಿದ ಮಾಹಿತಿಯಲ್ಲಿ ಮಾತ್ರ ನೀರು ಸಿಕ್ಕಿತು.

ಆ ಮಣ್ಣಿಗೆ ನಾವು ಮೊದಲು ‘ಧೂಳಿನ ಮೋಡ’ ಅಂತ ಬರೆದಿದ್ದೆವು. ಅದು ತಪ್ಪು ಚಿತ್ರ ಕೊಡುತ್ತದೆ. ಅಲ್ಲಿ ಗಾಳಿಯೇ ಇಲ್ಲ, ಧೂಳು ತೇಲುವುದಿಲ್ಲ. ಪ್ರತಿ ಕಣವೂ ಎಸೆದ ಕಲ್ಲಿನ ಹಾಗೆ ಮೇಲೆ ಹೋಗಿ ಬಾಗಿ ಕೆಳಗೆ ಬೀಳುತ್ತದೆ. ಕುಳಿಯ ತಳಕ್ಕೆ ಬಿಸಿಲು ಬೀಳುವುದೇ ಇಲ್ಲ, ಹಾಗಾಗಿ ನೆರಳು ದಾಟಿ ಮೇಲೆ ಬಂದ ಕಣ ಮಾತ್ರ ಹೊಳೆಯುತ್ತದೆ. ‘ಹೊಗೆ’ಯೂ ಅಲ್ಲ, ‘ಧೂಳೆಬ್ಬಿಸಿತು’ ಅಂದರೆ ಸಿನಿಮಾ ಸುದ್ದಿ. ‘ಸಿಡಿ’ ಸರಿಯಾದೀತು ಅನ್ನಿಸುತ್ತದೆ. ಕೆಸರು ಸಿಡಿಯುತ್ತದೆ, ಒಗ್ಗರಣೆಯ ಎಣ್ಣೆ ಸಿಡಿಯುತ್ತದೆ, ಹಾರಿದ್ದು ಆಚೀಚೆ ಬೀಳುತ್ತದೆ. ‘ಸಿಡಿಮಣ್ಣು’ ಅಂತ ಸಮಾಸ ಮಾಡಬಹುದಾ? ‘ಸಿಡಿಮದ್ದು’ ನೆನಪಾಗಿ ಮಕ್ಕಳು ಸ್ಫೋಟ ಅಂದುಕೊಂಡರೆ ಕಷ್ಟ.

ಗುದ್ದಿದಾಗ ಕ್ಷಣಕಾಲ ಕಾಣುವ ಬೆಳಕಿಗೆ ‘ಕಿಡಿ’ ಅಂತ ತೀರ್ಮಾನಿಸಿದ್ದೇವೆ. ಒಂದಕ್ಕೊಂದು ತಾಗಿದಾಗ ಹುಟ್ಟುವುದೇ ಕಿಡಿ. ಇದು ಕಂಡದ್ದೂ ಉಂಟು. 2009ರ ಜೂನ್ 10ರಂದು ಜಪಾನಿನ ಕಗುಯಾ ನೌಕೆ ಚಂದ್ರನಿಗೆ ಗುದ್ದಿದಾಗ ಆಸ್ಟ್ರೇಲಿಯಾದ ದೊಡ್ಡ ಟೆಲಿಸ್ಕೋಪಿನಲ್ಲಿ ಕಿಡಿ ಸಿಕ್ಕಿತು. ನಮ್ಮಲ್ಲಿ ಆಗ ರಾತ್ರಿ 12ಕ್ಕೆ ಐದು ನಿಮಿಷ ಕಮ್ಮಿ. ಚಂದ್ರ ಮೇಲಿದ್ದ. ಆದರೆ ಜೂನ್ ತಿಂಗಳಲ್ಲಿ ಕಾರವಾರದವರಿಗೆ ಆಕಾಶದ ಆಸೆ ತೋರಿಸಬೇಡಿ. 2008ರ ಪೆಟ್ಟಿಗೆಯ ದಿನವೂ ಚಂದ್ರ ಪೂರ್ವದ ಗುಡ್ಡದ ಮೇಲೆ ಬಂದಿದ್ದ, ಹುಣ್ಣಿಮೆಯ ಮರುದಿನ. ಅಷ್ಟು ಬೆಳಗುವ ಮುಖದಲ್ಲಿ 35 ಕಿಲೋ ಪೆಟ್ಟಿಗೆಯ ಕಿಡಿ ಹುಡುಕುವುದು ಆಗದ ಮಾತು. ಕತ್ತಲೆ ಭಾಗದಲ್ಲಿ ಬಿದ್ದರೆ ಮಾತ್ರ ಒಂದಿಷ್ಟು ಆಸೆ.

ನನ್ನ ಪ್ರಶ್ನೆಗಳು ಇಷ್ಟೇ. ನಿಮ್ಮ ಕಡೆ ಗುದ್ದು ಅಂದರೆ ಬರೀ ಮುಷ್ಟಿಯ ಪೆಟ್ಟಾ, ಅಥವಾ ವಸ್ತುವೊಂದು ಹೋಗಿ ಬಡಿದರೂ ಹೇಳುತ್ತೀರಾ? ದನ ‘ಹಾಯುವುದು’ ಅನ್ನುತ್ತೇವಲ್ಲ, ಆ ಹಾಯು ಇಲ್ಲಿ ಹೊಂದೀತಾ? ‘ಹಾಯಿಸು’ ಅಂದರೆ ನೀರು ಹಾಯಿಸಿದಂತೆ ಕೇಳುತ್ತದೆ ಅನ್ನುವುದು ನನ್ನ ಅನುಮಾನ. ಹೊನ್ನಾವರ, ಭಟ್ಕಳ ಕಡೆಯ ಮೀನುಗಾರರ ಮಾತಿನಲ್ಲಿ ದೋಣಿ ಬಂಡೆಗೆ ಹೋಗಿ ಬಡಿದರೆ ಒಂದು ಪದ, ಬೇಕಂತಲೇ ದಡಕ್ಕೆ ಏರಿಸಿದರೆ ಇನ್ನೊಂದು ಪದ ಇದ್ದರೆ ಅದನ್ನೂ ತಿಳಿಸಿ. ಪಟ ಪ್ರಿಂಟಿಗೆ ಹೋಗುವುದು ದೀಪಾವಳಿ ಕಳೆದ ಮೇಲೆ.