ನೇರ ಲೈನ್‌ಗೆ ಕೊಟ್ಟ ವಾಟರ್ ಕೂಲರ್ ರಾತ್ರಿ ಮಾತ್ರ ಸೋರುತ್ತದೆ, ಹಗಲು ಏನೂ ಇಲ್ಲ

ಕಾಫಿಲೆಕ್ಕ (ಮಡಿಕೇರಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ನಮ್ಮದು ಎಸ್ಟೇಟ್ ಆಫೀಸು, ಹನ್ನೆರಡು ಜನ ಇದ್ದೇವೆ. ಇಷ್ಟು ದಿನ 20 ಲೀಟರ್ ಕ್ಯಾನ್ ತರಿಸುತ್ತಿದ್ದೆವು. ಕಕ್ಕಡ (ಆಟಿ ತಿಂಗಳ) ಮಳೆಯಲ್ಲಿ ರಸ್ತೆಗೆ ಮರ ಬಿದ್ದರೆ ಕ್ಯಾನ್ ಗಾಡಿ ಬರುವುದೇ ಇಲ್ಲ. ಅದಕ್ಕೇ ನೇರ ಲೈನ್‌ಗೆ ಕೊಡುವ 40 ಲೀಟರ್ ಸ್ಟೀಲ್ ಕೂಲರ್ ತಂದೆವು. ಪಕ್ಕದಲ್ಲಿ ಫಿಲ್ಟರ್ ಇದೆ. ಪ್ಲಂಬರ್ ಒಬ್ಬರು ಅರ್ಧ ಇಂಚಿನ ಲೈನ್‌ಗೆ ಟೀ (T ಆಕಾರದ ಜಾಯಿಂಟ್) ಹಾಕಿ, ಅಲ್ಲಿಂದ ಬಿಳಿ ಕಾಲಿಂಚು ಟ್ಯೂಬ್ ಎಳೆದು ಹೋದರು.

ಹಗಲು ಒಂದು ಹನಿ ಸೋರುವುದಿಲ್ಲ. ಮೊದಲ ಸೋಮವಾರ ಬಾಗಿಲು ತೆಗೆದರೆ ನೆಲವೆಲ್ಲಾ ನೀರು. ಫಿಲ್ಟರ್ ಹತ್ತಿರ ಟ್ಯೂಬ್ ಕಿತ್ತು ಬಂದಿತ್ತು, ಕೆಳಗಿನ ಕಪಾಟಿನ ಲೆಡ್ಜರುಗಳು ಹಪ್ಪಳದ ಹಿಟ್ಟಾಗಿದ್ದವು. ಮತ್ತೆ ಸಿಕ್ಕಿಸಿದೆವು. ಎರಡನೇ ಸಲ ಟ್ಯೂಬ್ ಸರಿಯಾಗೇ ಇತ್ತು, ನೀರು ಕೂಲರ್ ಮುಚ್ಚಳದ ಅಂಚಿನಿಂದ ಹರಿದಿತ್ತು. ಪ್ಲಂಬರ್ ಕೇಳಿದರೆ ಮಾಲು ಸರಿ ಇಲ್ಲ ಅಂತಾರೆ. ಅಂಗಡಿಯವರು ಫಿಟ್ಟಿಂಗ್ ಸರಿ ಇಲ್ಲ ಅಂತಾರೆ.

ಇನ್ನೊಂದು ವಿಷಯ. ಬರಿಗಾಲಲ್ಲಿ ನಿಂತು ನಲ್ಲಿ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ. ಇದು ಮಾಮೂಲಾ?

ಅರ್ಥಿಂಗ್ಅಣ್ಣ (ಕುಶಾಲನಗರ)

ಮಾಮೂಲಲ್ಲ! ಸೋರಿಕೆ ಆಮೇಲೆ ನೋಡೋಣ. ಈಗಲೇ ಪ್ಲಗ್ ಕಿತ್ತು ಪಕ್ಕಕ್ಕಿಡಿ, ಯಾರೂ ಮತ್ತೆ ಹಾಕದ ಹಾಗೆ ಒಂದು ಚೀಟಿ ಅಂಟಿಸಿ. ಸಾಕೆಟ್ ಸುತ್ತ ನೀರು ನಿಂತಿದ್ದರೆ ಪ್ಲಗ್ ಮುಟ್ಟಲೇಬೇಡಿ, ಮೇನ್ ಆಫ್ ಮಾಡಿ.

ಸ್ಟೀಲ್ ಮೈ, ಒದ್ದೆ ನೆಲ, ಬರಿಗಾಲು. ಇವು ಮೂರೂ ಸೇರಿದ ಕಡೆ ಇವತ್ತು ಜುಂ ಅಂದದ್ದು ನಾಳೆ ಹಿಡಿದುಕೊಳ್ಳುತ್ತದೆ. ಹಳೇ ಕಟ್ಟಡಗಳಲ್ಲಿ ನಾನು ನೋಡಿದ್ದು ಒಂದೇ ಕಥೆ. ಗೋಡೆಯಲ್ಲಿ ಮೂರು ಪಿನ್ ಸಾಕೆಟ್ ಚೆಂದ ಇರುತ್ತದೆ, ಬಿಚ್ಚಿದರೆ ಅರ್ಥ್ ಪಿನ್ ಹಿಂದೆ ವೈರೇ ಇರುವುದಿಲ್ಲ. ಕೆಲವರು ನೀರಿನ ಪೈಪಿಗೆ ಅರ್ಥ್ ಸುತ್ತಿರುತ್ತಾರೆ. ಆಮೇಲೆ ಯಾರೋ ನಡುವೆ ಪಿವಿಸಿ ಪೈಪ್ ಹಾಕಿದರೆ ಆ ಅರ್ಥೂ ಹೋಯಿತು.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್‌ಗೆ ನಿಜವಾದ ಅರ್ಥ್, ಆ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್). ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಇದೆಯಲ್ಲಾ ಅನ್ನಬೇಡಿ. ಎಂಸಿಬಿ ವೈರ್ ಉಳಿಸುತ್ತದೆ, ಮನುಷ್ಯನನ್ನಲ್ಲ. ಸಾಕೆಟ್ ಕೂಲರ್ ಹಿಂದೆ ನೆಲದ ಹತ್ತಿರ ಇದ್ದರೆ ಮೇಲಕ್ಕೆ ಎತ್ತಿಸಿ. ಇನ್ನೊಂದು ಮಾತು: ನಮ್ಮ ಕಡೆ ಮಳೆಗಾಲದಲ್ಲಿ ಅಳೆದರೆ ಎಲ್ಲಾ ಅರ್ಥ್ ಗುಂಡಿಯೂ ಪಾಸು. ಮಣ್ಣು ಒಣಗಿದ ಮಾರ್ಚ್, ಏಪ್ರಿಲ್‌ನಲ್ಲಿ ಅಳೆಸಿ, ಆಗ ಗೊತ್ತಾಗುತ್ತದೆ ಬಂಡವಾಳ.

ಸುಮ್ನೆಬಂದೆ

ಜಾಯಿಂಟ್‌ಗೆ ಎಂಸೀಲ್ ಮೆತ್ತಿ ಬಿಡಿ ಸಾರ್. ಹಾಗೇ ಆರ್‌ಒ (ಕರಗಿದ ಲವಣ ತೆಗೆಯುವ ಫಿಲ್ಟರ್) ಹಾಕಿಸಿಬಿಡಿ, ನೀರೂ ಶುದ್ಧ.

ಪಾನೆ (ಗೋಣಿಕೊಪ್ಪ)

ಎಂಸೀಲ್ ಬೇಡ. ಮುಂದಿನ ಸಲ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ ಅಷ್ಟೇ.

ಕಾಫಿಲೆಕ್ಕ ಅವರೇ, ಟ್ಯಾಂಕ್ ಎಲ್ಲಿದೆ? ಗುಡ್ಡದ ಮೇಲೆ ಅಲ್ವಾ? ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ ಒತ್ತಡ (ಚದರ ಸೆಂಟಿಮೀಟರಿಗೆ). ಊರಿನ ಮನೆಯಲ್ಲಿ ತಾರಸಿ ಟ್ಯಾಂಕ್ ಇದ್ದರೆ ಅರ್ಧ ಕೆಜಿಯೂ ಬರುವುದು ಕಷ್ಟ. ನಮ್ಮ ತೋಟಗಳಲ್ಲಿ ಟ್ಯಾಂಕ್ 50-60 ಮೀಟರ್ ಮೇಲೆ ಕೂತಿರುತ್ತದೆ. ಹಗಲು ಲೈನ್‌ಮನೆಗಳ (ಕೂಲಿಯವರ ಸಾಲು ಮನೆಗಳ) ನಲ್ಲಿ, ಹಣ್ಣಿನ ಕಾಲದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಎಲ್ಲಾ ನೀರು ಎಳೆಯುತ್ತವೆ. ನೀರು ಓಡುವಾಗ ಪೈಪಿನಲ್ಲೇ ಒತ್ತಡ ಸವೆಯುತ್ತದೆ. ರಾತ್ರಿ ಎಲ್ಲರೂ ನಲ್ಲಿ ಮುಚ್ಚಿದ ಮೇಲೆ ಆ ಪೂರ್ತಿ ಭಾರ ನಿಮ್ಮ ಕಾಲಿಂಚು ಟ್ಯೂಬಿನ ಮೇಲೆ. ಎರಡನೇ ಸೋರಿಕೆಗೂ ಇದೇ ಕಾರಣ ಇರಬೇಕು. ಕೂಲರ್ ಒಳಗಿನ ಸಣ್ಣ ಫ್ಲೋಟ್ ವಾಲ್ವ್‌ಗೆ (ನೀರು ತುಂಬಿದಾಗ ತೇಲಿ ಲೈನ್ ಮುಚ್ಚುವ ವಾಲ್ವ್) ಅಷ್ಟು ಒತ್ತಡ ಎದುರಿಸಿ ಮುಚ್ಚುವ ಶಕ್ತಿ ಇಲ್ಲ. ಹನಿ ಹನಿ ಬಿಟ್ಟು ಬಿಟ್ಟು ಎರಡು ರಾತ್ರಿಯಲ್ಲಿ ಉಕ್ಕಿದೆ.

ಮೊದಲು ಒಂದು ಪ್ರೆಷರ್ ಗೇಜ್ ತಂದು ಲೈನ್‌ಗೆ ಹಾಕಿ. ಮಧ್ಯಾಹ್ನ ಒಮ್ಮೆ ನೋಡಿ, ಎಲ್ಲರೂ ಮಲಗಿದ ಮೇಲೆ ಒಮ್ಮೆ. ಅಲ್ಲಿಯ ತನಕ ಆಫೀಸ್ ಬೀಗ ಹಾಕುವಾಗ ಕೂಲರ್ ಲೈನ್ ಬಂದ್ ಮಾಡಿ ಹೋಗಿ. ಟೀ ಹತ್ತಿರ ಬಾಲ್ ವಾಲ್ವ್ ಇದೆ ತಾನೇ?

ಆರ್‌ಒ ಬಗ್ಗೆ: ತೋಡಿನ ನೀರಿಗೆ ಅದು ದಂಡ. ಕುಡಿಯುವ ನೀರಿನ ಐಎಸ್ 10500 ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ತನಕ ಸಲೀಸು. ನಮ್ಮ ತೋಟದ ನೀರಿಗೆ ಮೀಟರ್ ಹಿಡಿದರೆ ಮೂರಂಕಿಯೇ ಬರುವುದಿಲ್ಲ. ನಮ್ಮ ತೊಂದರೆ ಲವಣ ಅಲ್ಲ, ಮಳೆಗಾಲದ ಕೆಸರು ಮತ್ತು ಕ್ರಿಮಿ. ಕೆಸರಿಗೆ 5 ಮೈಕ್ರಾನ್ ಫಿಲ್ಟರ್, ಆಮೇಲೆ ಕಾರ್ಬನ್, ಕೊನೆಗೆ ಯುವಿ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು). ಇದೇ ಕ್ರಮದಲ್ಲಿ. ನೀರು ಕಲಕಿದ್ದರೆ ಯುವಿ ಬೆಳಕು ಒಳಗೆ ಹೋಗುವುದಿಲ್ಲ. ಒಮ್ಮೆ ಲ್ಯಾಬ್‌ಗೂ ಕೊಡಿ. 100 ಮಿಲಿಯಲ್ಲಿ ಒಂದೂ ಇ-ಕೋಲಿ ಇರಬಾರದು.

ಕಾಫಿಲೆಕ್ಕ

ಬಾಲ್ ವಾಲ್ವ್ ಇಲ್ಲ! ಟೀಯಿಂದ ನೇರ ಟ್ಯೂಬ್. ಇಷ್ಟು ದಿನ ಮೇನ್ ಬಂದ್ ಮಾಡಲು ಮಳೆಯಲ್ಲಿ ಗುಡ್ಡ ಹತ್ತುತ್ತಿದ್ದೆವು.

ಗೇಜ್ ಹಾಕಿದೆ. ಮಧ್ಯಾಹ್ನ 2.5 ಕೆಜಿ, ರಾತ್ರಿ ಹತ್ತಕ್ಕೆ 6 ಕೆಜಿ. ಕೂಲರ್ ಲೇಬಲ್‌ನಲ್ಲಿ ಗರಿಷ್ಠ 3 ಅಂತ ಇದೆ. ಅದನ್ನು ಯಾರೂ ಓದಿರಲಿಲ್ಲ, ನಾನೂ ಸೇರಿ.

ಸಾಕೆಟ್ ಬಿಚ್ಚಿಸಿದೆ. ಅರ್ಥಿಂಗ್ಅಣ್ಣ ಹೇಳಿದ್ದೇ ನಿಜ, ವೈರ್ ಇರಲಿಲ್ಲ.

ಪಾನೆ

ನೀರು ಬರುವ ಕಡೆಯಿಂದ ಹೇಳುತ್ತೇನೆ. ಬಾಲ್ ವಾಲ್ವ್, ಅದರ ನಂತರ ವೈ ಸ್ಟ್ರೈನರ್ (ಕೆಸರು, ಮರಳು ಹಿಡಿಯುವ ಜಾಲರಿ), ಆಮೇಲೆ ಒತ್ತಡ ಇಳಿಸುವ ಪಿಆರ್‌ವಿ, ಅದರ ಮುಂದೆ ಗೇಜ್, ಆಮೇಲೆ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವುದು), ಫಿಲ್ಟರ್, ಕೂಲರ್. ಪಿಆರ್‌ವಿ 2 ಕೆಜಿಗೆ ಕೂರಿಸಿ. ನಾನ್ ರಿಟರ್ನ್ ಯಾಕೆ ಅಂದರೆ, ಮೇಲೆ ಟ್ಯಾಂಕ್ ಖಾಲಿಯಾದಾಗ ಲೈನ್ ಹಿಂದಕ್ಕೆ ಎಳೆಯುತ್ತದೆ. ಕೂಲರ್ ಕಡೆಯ ನೀರು ವಾಪಸ್ ಲೈನ್‌ಮನೆಗಳಿಗೆ ಹೋಗಬಾರದು.

ಟ್ಯೂಬ್ ಸಿಕ್ಕಿಸುವುದರಲ್ಲೇ ಅರ್ಧ ಜನ ತಪ್ಪುತ್ತಾರೆ. ಕತ್ತರಿಯಲ್ಲಿ ಕತ್ತರಿಸಬೇಡಿ, ತುದಿ ಚಪ್ಪಟೆಯಾಗುತ್ತದೆ. ಹರಿತ ಬ್ಲೇಡಿನಲ್ಲಿ ನೇರ ಕತ್ತರಿಸಿ. ಕಿತ್ತು ಬಂದ ತುದಿಯಲ್ಲಿ ಫಿಟ್ಟಿಂಗ್‌ನ ಹಲ್ಲು ಗೀರಿರುತ್ತದೆ. ಅದನ್ನೇ ಮತ್ತೆ ಸಿಕ್ಕಿಸಿದರೆ ಸೋರುವುದು ಗ್ಯಾರಂಟಿ, ಎರಡು ಸೆಂಟಿಮೀಟರ್ ಕತ್ತರಿಸಿ ಎಸೆಯಿರಿ. ತುದಿಯಿಂದ 15 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತಿನ ಹತ್ತಿರ ಹೋಗುವ ತನಕ ಒತ್ತಿ. ಒತ್ತುವಾಗ ಎರಡು ಸಲ ತಡೆಯುತ್ತದೆ. ಮೊದಲ ತಡೆಗೆ ನಿಲ್ಲಿಸಿದರೆ ಒಳಗಿನ ರಬ್ಬರ್ ರಿಂಗ್ ತಲುಪಿಲ್ಲ ಅಂತ ಅರ್ಥ. ಆಮೇಲೆ ಎಳೆದು ನೋಡಿ, ಲಾಕ್ ಕ್ಲಿಪ್ ಹಾಕಿ. ಟೆಫ್ಲಾನ್ ಟೇಪ್ ಚೂಡಿ (ತಿರುಗಿಸಿ ಕೂರಿಸುವ ಥ್ರೆಡ್) ಇರುವ ಕಡೆಗೆ ಮಾತ್ರ.

ಕಾಫಿಲೆಕ್ಕ (ಹತ್ತು ದಿನ ಬಿಟ್ಟು)

ಎಲ್ಲಾ ಹಾಕಿಸಿದೆ. ಸ್ಟ್ರೈನರ್ ಊರಲ್ಲಿ ಸಿಗಲಿಲ್ಲ, ಅದೊಂದು ಬಿಟ್ಟೆ. ನಾಲ್ಕು ದಿನ ಗೇಜ್ 2ರಲ್ಲೇ ಇತ್ತು. ಐದನೇ ದಿನ ದೊಡ್ಡ ಮಳೆ. ಈಗ ಹಗಲು 2, ಬೆಳಿಗ್ಗೆ ಬಂದು ನೋಡಿದರೆ 5. ಪಿಆರ್‌ವಿ ಕೆಟ್ಟಿತಾ?

ಪಾನೆ

ಕೆಟ್ಟಿಲ್ಲ, ಕೆಸರು ಕೂತಿದೆ. ಪಿಆರ್‌ವಿ ಒಳಗೆ ಒಂದು ಸಣ್ಣ ಸೀಟು ಇದೆ. ನಲ್ಲಿ ಬಂದ್ ಆದಾಗ ಅದು ಪೂರ್ತಿ ಮುಚ್ಚಬೇಕು. ಮರಳಿನ ಒಂದು ಕಾಳು ಸಿಕ್ಕಿಕೊಂಡರೆ ಸಂದಿನಿಂದ ಒತ್ತಡ ನಿಧಾನ ದಾಟುತ್ತದೆ. ಹಗಲು ನೀರು ಹಿಡಿಯುತ್ತಿರುವುದರಿಂದ ಗೊತ್ತಾಗುವುದಿಲ್ಲ. ಬಿಚ್ಚಿ ತೊಳೆಯಿರಿ. ಆ ಸ್ಟ್ರೈನರ್ ಸುಮ್ನೆ ಹೇಳಿದ್ದಲ್ಲ ಮಾರಾಯ್ರೇ!

ಹಳೇಕೈ (ಸೋಮವಾರಪೇಟೆ)

ನಡುವೆ ಬಾಯಿ ಹಾಕುತ್ತೇನೆ. ಮೂವತ್ತು ವರ್ಷ ತೋಟದ ಪೈಪ್ ಕೆಲಸ ಮಾಡಿದವನು ನಾನು. ನಮ್ಮ ಕೆಸರಿಗೆ ಪಿಆರ್‌ವಿ ಮೇಲೆ ಪೂರ್ತಿ ನಂಬಿಕೆ ಇಡುವುದಿಲ್ಲ. ಆಫೀಸಿನ ಅಟ್ಟದಲ್ಲಿ 100 ಲೀಟರಿನ ಮುಚ್ಚಳದ ಟ್ಯಾಂಕ್ ಇಡಿ. ಗುಡ್ಡದ ಲೈನ್ ಅದಕ್ಕೆ ಬೀಳಲಿ, ಗಟ್ಟಿ ಹಿತ್ತಾಳೆಯ ಹೈ ಪ್ರೆಷರ್ ಬಾಲ್‌ಕಾಕ್ (ಟ್ಯಾಂಕಿನ ಫ್ಲೋಟ್ ವಾಲ್ವ್) ಹಾಕಿ. ಅಲ್ಲಿಂದ ಕೂಲರ್‌ಗೆ ಮೂರು ನಾಲ್ಕು ಮೀಟರ್ ಎತ್ತರ, ಅಂದರೆ ಅರ್ಧ ಕೆಜಿಗೂ ಕಡಿಮೆ. 6 ಕೆಜಿ ಅಲ್ಲಿಗೇ ಸತ್ತಿತು. ಬಾಲ್‌ಕಾಕ್ ಕೈಕೊಟ್ಟರೆ ಓವರ್‌ಫ್ಲೋ ಪೈಪ್ ಹೊರಗೆ ಸುರಿಯುತ್ತದೆ, ಲೆಡ್ಜರ್ ಮೇಲಲ್ಲ. ಓವರ್‌ಫ್ಲೋ ಬಾಯಿಗೆ ಜಾಲರಿ ಕಟ್ಟಿ, ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯಿರಿ. ಯುವಿ ಕಡಿಮೆ ಒತ್ತಡಕ್ಕೆ ಓಡುತ್ತದೆಯಾ ಅಂತ ಲೇಬಲ್ ನೋಡಿಕೊಳ್ಳಿ.

ಪಾನೆ

ಒಪ್ಪಿದೆ. ಅಟ್ಟಕ್ಕೆ ಭಾರ ತಡೆಯುವ ಶಕ್ತಿ ಇದ್ದರೆ ಅದೇ ಒಳ್ಳೇದು. 100 ಲೀಟರ್ ಅಂದರೆ 100 ಕೆಜಿ.

ಕಾಫಿಲೆಕ್ಕ (ಮೂರು ವಾರ ಬಿಟ್ಟು)

ಅಟ್ಟದ ತೊಲೆ ನೋಡಿ ಧೈರ್ಯ ಬರಲಿಲ್ಲ. ಹೊರಗೋಡೆಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಟ್ಯಾಂಕ್ ಇಟ್ಟೆವು. ಬ್ಲೀಚ್ ಹಾಕಿ ತೊಳೆಯುವಾಗ ಕಾರ್ಬನ್ ಫಿಲ್ಟರ್ ಬಿಚ್ಚಿಟ್ಟೆ. 5% ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅದೇ ಬ್ಲೀಚ್ ದ್ರಾವಣ) 10 ಮಿಲಿ, 10 ಲೀಟರ್ ನೀರಿಗೆ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆದೆವು. ಹೊಸ ಕಾರ್ಬನ್‌ನಿಂದ ಮೊದಲು ಕಪ್ಪು ನೀರು ಬಂತು, ತಿಳಿಯಾಗುವ ತನಕ ಹೊರಗೆ ಚೆಲ್ಲಿದೆವು. ಕೂಲರ್ ಟ್ಯಾಂಕ್ ತುಂಬಿದ ಮೇಲೆಯೇ ಕರೆಂಟ್ ಹಾಕಿದ್ದು. ಜುಂ ಇಲ್ಲ. ಮೂರು ಸೋಮವಾರ ನೆಲ ಒಣಗಿದೆ.

ನಿನ್ನೆ ಬಿಳಿ ಟ್ಯೂಬ್ ಮೇಲೆ ಸಣ್ಣ ಸಣ್ಣ ಗೀರು ಕಂಡಿತು. ಬಿಸಿಲು ಬೀಳುವ ಕಡೆ ಒಳಗೆ ಹಸಿರು ಪಾಚಿಯೂ ಇದೆ.

ಹಳೇಕೈ

ಗೀರು ಇಲಿಯದ್ದು. ಬಿಳಿ ಟ್ಯೂಬ್ ಕಿತ್ತು ಬೆಳಕು ಬಿಡದ ಕಪ್ಪು ಟ್ಯೂಬ್ ಹಾಕಿ, ಅದರ ಮೇಲೆ ಕಬ್ಬಿಣದ ಕಂಡ್ಯೂಟ್ (ರಕ್ಷಣೆಯ ಕೊಳವೆ) ತೊಡಿಸಿ. ಇವತ್ತೇ ಮಾಡಿ, ಶನಿವಾರ ಬರುವುದರೊಳಗೆ.